ನೀರಿನಲ್ಲಿ ನಿಂತ ಕಾರಿಗೆ ಮತ್ತೆ ಸೆಲ್ಫ್ ಹೊಡೆಯಬೇಡಿ

ನಾಲ್ಕು ವರ್ಷದ ಹಿಂದಿನ ಜುಲೈ ತಿಂಗಳ ಒಂದು ಸಂಜೆ, ಮುಂಬೈಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿದ್ದ ಕನ್ನಡ ಕಾರ್ಯಕ್ರಮಕ್ಕೆಂದು ನಾನು ಸಾಯನ್ ಕಡೆಯಿಂದ ಕಾರಿನಲ್ಲಿ ಹೊರಟಿದ್ದೆ. ಕಿಂಗ್ಸ್ ಸರ್ಕಲ್ಲಿನ ರೈಲ್ವೆ ಸೇತುವೆ ದಾಟಿ ಗಾಂಧಿ ಮಾರ್ಕೆಟ್ ಹತ್ತಿರ ಬರುವಾಗ ರಸ್ತೆಯಲ್ಲಿ ಅರ್ಧ ಚಕ್ರ ಮುಳುಗುವಷ್ಟು ನೀರಿತ್ತು. ಮುಂದಿನ ಎರಡು ಕಾರುಗಳು ನಿಧಾನವಾಗಿ ದಾಟಿದ್ದನ್ನು ಕಂಡು ನಾನೂ ಇಳಿದೆ. ನೀರಿನ ನಡುವೆ ಇದ್ದಾಗ ಎದುರಿನಿಂದ ಲಾರಿಯೊಂದು ವೇಗವಾಗಿ ಬಂದು, ಅದು ಎಬ್ಬಿಸಿದ ಅಲೆ ನನ್ನ ಬಾನೆಟ್ಟಿನ ಅಂಚಿನವರೆಗೆ ಏರಿತು. ಇಂಜಿನ್ ಎರಡು ಬಾರಿ ಕೆಮ್ಮಿ ನಿಂತುಹೋಯಿತು.

ಆಮೇಲೆ ನಾನು ಮಾಡಿದ ಕೆಲಸವೇ ಈ ಬರಹಕ್ಕೆ ಕಾರಣ. ಹಿಂದಿನಿಂದ ಹಾರ್ನ್ ಕೇಳಿಸುತ್ತಿತ್ತು, ಕಾಲಿನ ಬಳಿಯ ಮ್ಯಾಟ್ ಒದ್ದೆಯಾಗುತ್ತಿತ್ತು. ಯೋಚಿಸದೆ ಕೀಲಿ ತಿರುಗಿಸಿದೆ. ಮೊದಲ ಸಲ ಇಂಜಿನ್ ಭಾರವಾಗಿ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಎರಡನೆಯ ಸಲ ಒಂದು ಕ್ಷಣ ಚಾಲೂ ಆಯಿತು, ಮರುಕ್ಷಣವೇ ಕಬ್ಬಿಣಕ್ಕೆ ಕಬ್ಬಿಣ ಹೊಡೆದಂಥ ಸದ್ದಾಗಿ ಬಿಗಿದುಕೊಂಡಿತು.

ವಡಾಲದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ, ಕುಂದಾಪುರದ ಕಡೆಯ ಮೆಕ್ಯಾನಿಕ್ ಒಬ್ಬರು ಹೆಡ್ ಬಿಚ್ಚಿ, ಕೆಳಗಿನ ಆಯಿಲ್ ಪ್ಯಾನ್ ಇಳಿಸಿ, ಮೂರನೆಯ ಸಿಲಿಂಡರಿನ ಕನೆಕ್ಟಿಂಗ್ ರಾಡನ್ನು, ಅಂದರೆ ಏರಿಳಿಯುವ ಪಿಸ್ಟನ್ನನ್ನು ಇಂಜಿನ್ನಿನ ತಿರುಗುವ ದಂಡಕ್ಕೆ ಜೋಡಿಸುವ ಸರಳನ್ನು, ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಉಕ್ಕಿನ ಆ ತುಂಡು ನೋಡಿದರೆ ಗೊತ್ತಾಗುವಷ್ಟು ಬಾಗಿತ್ತು. “ಅಲೆ ಇಂಜಿನನ್ನು ನಿಲ್ಲಿಸಿತ್ತು ಅಷ್ಟೆ. ಇದನ್ನು ಬಗ್ಗಿಸಿದ್ದು ನೀವು ಹೊಡೆದ ಸೆಲ್ಫ್” ಎಂದರು. ಆ ಮಾತು ಅರ್ಥವಾಗಲು ಇಂಜಿನ್ನಿನ ಒಳಗಿನ ಲೆಕ್ಕ ತಿಳಿಯಬೇಕು. ಅದನ್ನು ಅವರಿಂದಲೇ ಕೇಳಿ, ಆಮೇಲೆ ಓದಿ, ತಿಳಿದುಕೊಂಡೆ.

1200 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಎಂದರೆ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿದಾಗ 300 ಸಿಸಿ ಗಾಳಿ ಒಳಗೆ ಬರಬಹುದು. ಪಿಸ್ಟನ್ ಮೇಲೇರುವಾಗ ಆ ಗಾಳಿಯನ್ನೂ ಮೇಲಿನ ಜಾಗದಲ್ಲಿ ಮೊದಲೇ ಇದ್ದುದನ್ನೂ ಸೇರಿಸಿ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಹಾಗಾದರೆ ತುದಿ ಮುಟ್ಟಿದ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ಸುಮಾರು 33 ಸಿಸಿ, ಅಂದರೆ ಎರಡು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು. ಗಾಳಿಯನ್ನು ಒತ್ತಬಹುದು, ನೀರು ಒತ್ತಿದರೆ ಕುಗ್ಗುವುದಿಲ್ಲ. ಆ ಜಾಗಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ತುದಿ ತಲುಪಲಾರದು. ಕೆಳಗಿನಿಂದ ಕ್ರ್ಯಾಂಕ್ ಶಾಫ್ಟ್ ಎಂಬ ಆ ತಿರುಗುವ ದಂಡ ತಳ್ಳುತ್ತದೆ, ಮೇಲಿನಿಂದ ನೀರು ಬಿಡುವುದಿಲ್ಲ, ನಡುವೆ ಸಿಕ್ಕಿದ ರಾಡು ಬಾಗುತ್ತದೆ ಅಥವಾ ಮುರಿಯುತ್ತದೆ. ಇದನ್ನೇ ಗ್ಯಾರೇಜಿನವರು ಹೈಡ್ರೋಲಾಕ್ ಎನ್ನುತ್ತಾರೆ. ಡೀಸೆಲ್ ಇಂಜಿನ್ನುಗಳಲ್ಲಿ ಈ ಜಾಗ ಇನ್ನೂ ಕಿರಿದು. 1500 ಸಿಸಿಯ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ಹದಿನಾರಕ್ಕೆ ಒಂದರಂತೆ ಒತ್ತುವುದಾದರೆ ಉಳಿಯುವುದು 25 ಸಿಸಿ ಮಾತ್ರ. ಡೀಸೆಲ್ ಗಾಡಿ ನೀರಿಗೆ ಗಟ್ಟಿ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದಕ್ಕೆ ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ಗಿನ ಕಾಟವಿಲ್ಲ ಎಂಬುದು ನಿಜ, ಆದರೆ ನೀರು ಒಳಗೆ ಹೋದರೆ ಅದಕ್ಕೆ ಬೇಗ ಪೆಟ್ಟು ಬೀಳುತ್ತದೆ.

ನೀರು ಒಳಗೆ ಹೋಗುವ ದಾರಿ ಸಾಮಾನ್ಯವಾಗಿ ಒಂದೇ, ಗಾಳಿ ಎಳೆಯುವ ಕೊಳವೆ. ಅದರ ಬಾಯಿ ಬಹುತೇಕ ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೆಯೋ ಮುಂಭಾಗದ ಜಾಲರಿಯ ಮೇಲಂಚಿನಲ್ಲೋ ಇರುತ್ತದೆ. 1200 ಸಿಸಿಯ ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಸುಮಾರು 20 ಲೀಟರ್ ಗಾಳಿ ಎಳೆಯುತ್ತದೆ. ಆ ಸೆಳೆತದ ಮುಂದೆ ನೀರು ಬಂದರೆ ಕಾಗದದ ಏರ್ ಫಿಲ್ಟರ್ ನೆನೆದು ಉಸಿರುಕಟ್ಟಿಸುತ್ತದೆ, ನೀರಿನ ಒಂದು ಭಾಗ ಅದನ್ನೂ ದಾಟುತ್ತದೆ. ನನ್ನ ಇಂಜಿನ್ ಮೊದಲು ನಿಂತದ್ದು ಹೀಗೆ ಉಸಿರುಕಟ್ಟಿಯೇ. ಆ ಹೊತ್ತಿನಲ್ಲಿ ಹೆಚ್ಚಿನ ನೀರು ಕೊಳವೆಯಲ್ಲೇ ಇತ್ತು. ನಾನು ಸೆಲ್ಫ್ ಹೊಡೆದಾಗ ಪಿಸ್ಟನ್ನುಗಳು ಆ ನೀರನ್ನು ಕುಡಿದವು. ಎರಡನೆಯ ಸಲ ಉಳಿದ ಸಿಲಿಂಡರುಗಳು ಹೊತ್ತಿಕೊಂಡು, ತಮ್ಮ ಶಕ್ತಿಯಿಂದಲೇ ಮೂರನೆಯದನ್ನು ನೀರಿಗೆ ಅಪ್ಪಳಿಸಿದವು.

ಅಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಿಂತ ನೀರಿನ ಆಳವನ್ನಷ್ಟೇ ನೋಡಿ ನಾವು ಮೋಸಹೋಗುತ್ತೇವೆ. ಒಂದೇ ಸಮನೆ ನಿಧಾನವಾಗಿ ಸಾಗುವ ಕಾರು ತನ್ನ ಮುಂದೆ ಒಂದು ಅಲೆಯನ್ನು ತಳ್ಳಿಕೊಂಡು ಹೋಗುತ್ತದೆ, ಅದರ ಹಿಂದೆ ಇಂಜಿನ್ ಇರುವಲ್ಲಿ ನೀರಿನ ಮಟ್ಟ ತಗ್ಗುತ್ತದೆ. ಕಾರು ತಟಕ್ಕನೆ ನಿಂತರೆ ಆ ತಗ್ಗು ತುಂಬಿಕೊಳ್ಳುತ್ತದೆ. ವೇಗ ಹೆಚ್ಚಿಸಿದರೆ ಅಲೆ ಬಾನೆಟ್ಟನ್ನೇ ಏರುತ್ತದೆ. ಆದ್ದರಿಂದ ಮುಂದಿನ ಗಾಡಿ ಪೂರ್ತಿ ದಾಟುವವರೆಗೆ ಕಾದು, ಎದುರಿನಿಂದ ದೊಡ್ಡ ಗಾಡಿ ಬರುತ್ತಿಲ್ಲವೆಂದು ನೋಡಿಕೊಂಡು, ಮೊದಲ ಗೇರಿನಲ್ಲಿ ನಿಲ್ಲದೆ ಹೋಗಬೇಕು. ಹೊಸ ಕಾರುಗಳಲ್ಲಿ ಸಿಗ್ನಲ್ಲಿನಲ್ಲಿ ತಾನಾಗಿ ಇಂಜಿನ್ ನಿಲ್ಲಿಸಿ ತಾನಾಗಿ ಚಾಲೂ ಮಾಡುವ ವ್ಯವಸ್ಥೆಯಿರುತ್ತದೆ. ನೀರಿಗಿಳಿಯುವ ಮುನ್ನ ಅದನ್ನು ಬಂದ್ ಮಾಡಬೇಕು. ಜೀಪಿನಂಥ ಮಹೀಂದ್ರ ಥಾರ್ 650 ಮಿಲಿಮೀಟರ್ ಆಳದವರೆಗೆ ಹೋಗಬಹುದೆಂದು ತಯಾರಕರೇ ಹೇಳುತ್ತಾರೆ. ನಮ್ಮ ನಿಮ್ಮ ಸಣ್ಣ ಕಾರುಗಳಿಗೆ ಅದರ ಅರ್ಧವೂ ಅಪಾಯವೇ. ರಸ್ತೆ ವಿಭಜಕದ ಬುಡ ಕಾಣದಿದ್ದರೆ ನಾನೀಗ ಹಿಂದಿರುಗುತ್ತೇನೆ.

ಸೈಲೆನ್ಸರಿನಿಂದ ನೀರು ಹೋಗಿ ಇಂಜಿನ್ ಕೆಡುತ್ತದೆ ಎಂಬ ಮಾತು ನಮ್ಮ ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ಎಲ್ಲರ ಬಾಯಲ್ಲೂ ಇದೆ. ಇಂಜಿನ್ ಓಡುತ್ತಿರುವಾಗ ಹೊರಬರುವ ಹೊಗೆಯ ಒತ್ತಡ ಕೆಲವು ಅಂಗುಲ ನೀರನ್ನು ಸುಲಭವಾಗಿ ತಳ್ಳುತ್ತದೆ. ನಿಂತ ಮೇಲೆ ಅಲ್ಲಿ ನೀರು ತುಂಬಬಹುದು, ಹೊಗೆಯನ್ನು ಶುದ್ಧಗೊಳಿಸುವ, ಕಾದ ಕ್ಯಾಟಲಿಟಿಕ್ ಕನ್ವರ್ಟರಿಗೆ ತಣ್ಣೀರು ತಗುಲಿ ಒಳಗೆ ಬಿರುಕು ಬಿಡಬಹುದು, ಆದರೆ ರಾಡು ಬಾಗುವುದು ಸಾಮಾನ್ಯವಾಗಿ ಆ ದಾರಿಯಿಂದಲ್ಲ.

ಇಂಜಿನ್ ಅಲ್ಲೇ ಬಿಗಿದುಕೊಳ್ಳುವುದಕ್ಕಿಂತ ಕೆಟ್ಟದ್ದು, ನನ್ನ ಅಭಿಪ್ರಾಯದಲ್ಲಿ, ಸ್ವಲ್ಪವೇ ಬಾಗಿದ ರಾಡು. ಕಾರು ಚಾಲೂ ಆಗುತ್ತದೆ, ಮಾಲೀಕರು ದೇವರ ದಯೆ ಎಂದು ಮನೆಗೆ ಹೋಗುತ್ತಾರೆ. ಒಂದೆರಡು ಮಿಲಿಮೀಟರ್ ಗಿಡ್ಡವಾದ ಆ ರಾಡು ಪ್ರತಿ ಸುತ್ತಿನಲ್ಲೂ ಓರೆಯಾಗಿ ಭಾರ ಹೊರುತ್ತ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಪುಣೆಯ ಹೆದ್ದಾರಿಯಲ್ಲಿ ಮುರಿದು ಇಂಜಿನ್ ಬ್ಲಾಕನ್ನೇ ತೂತುಮಾಡಿ ಹೊರಬರಬಹುದು. ನೀರು ಕುಡಿದ ಇಂಜಿನ್ ಓಡಿದರೂ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕೆಂದು ಮೆಕ್ಯಾನಿಕರು ಹೇಳುವುದು ಇದಕ್ಕೇ. ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ನೀರು ಅಲ್ಲಿಗೂ ಇಳಿದಿದೆ ಎಂದೇ ಅರ್ಥ.

ವಿಮೆಯ ವಿಷಯವನ್ನು ನಾನು ಕಷ್ಟಪಟ್ಟು ಕಲಿತೆ. ಸಮಗ್ರ ವಿಮೆಯಲ್ಲಿ ನೆರೆಯ ಹಾನಿಗೆ ಪರಿಹಾರವುಂಟು, ಆದರೆ ನೀರಿನಲ್ಲಿ ಮತ್ತೆ ಚಾಲೂ ಮಾಡಿದ್ದರಿಂದ ಇಂಜಿನ್ನಿಗೆ ಆದ ಹಾನಿಯನ್ನು ಪರಿಣಾಮಜನ್ಯ ನಷ್ಟವೆಂದು, ಅಂದರೆ ನೆರೆಯಿಂದ ನೇರವಾಗಿ ಆದದ್ದಲ್ಲವೆಂದು, ಹೊರಗಿಡುವುದು ವಾಡಿಕೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇರೆಯೇ ಕೊಳ್ಳಬೇಕು, ನನ್ನ ಬಳಿ ಅದಿರಲಿಲ್ಲ. ಆ ದುರಸ್ತಿಗೆ ಕಾರಿನ ಅಂದಿನ ಬೆಲೆಯ ಮೂರರಲ್ಲೊಂದು ಭಾಗ ಖರ್ಚಾಯಿತು.

ಇಂಜಿನ್ನಿಗಿಂತ ಜೀವ ದೊಡ್ಡದು ಎಂಬುದನ್ನು ಈ ಊರು 2005ರ ಜುಲೈ 26ರಂದು ಕಂಡಿದೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದ ಆ ಹೊತ್ತಿನಲ್ಲಿ, ಕಾರಿನೊಳಗೆ ಸಿಕ್ಕಿಹಾಕಿಕೊಂಡೇ ಕೆಲವರು ಪ್ರಾಣ ಬಿಟ್ಟರು. ವಿದ್ಯುತ್ತಿನ ಕಿಟಕಿಗಳು ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಬೇಕು. ನೀರು ಬಾಗಿಲಿನ ಅರ್ಧ ತಲುಪಿದ ಮೇಲೆ ಬಾಗಿಲು ತೆರೆಯುವುದು ಬಲವಂತರಿಗೂ ಕಷ್ಟ.

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದ ನೆರೆಯವರ ಕಾರು ಹಿಂದ್‌ಮಾತಾದ ಬಳಿ ಹೀಗೆಯೇ ನಿಂತಾಗ ಅವರು ನನಗೆ ಫೋನ್ ಮಾಡಿದರು. ಕೀಲಿ ಮುಟ್ಟಬೇಡಿ, ನ್ಯೂಟ್ರಲ್‌ಗೆ ಹಾಕಿ ತಳ್ಳಿಸಿ ಬದಿಗೆ ನಿಲ್ಲಿಸಿ ಎಂದೆ. ಮಾರನೆಯ ದಿನ ಗಾಡಿಯನ್ನು ಹೊತ್ತುಕೊಂಡೇ ವಡಾಲಕ್ಕೆ ತಂದರು. ಅದೇ ಮೆಕ್ಯಾನಿಕ್ ಏರ್ ಫಿಲ್ಟರ್ ತೆಗೆದು ಹಿಂಡಿದರು, ನೀರು ಸುರಿಯಿತು. ಕೊಳವೆಗಳನ್ನು ಒರೆಸಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೊದಲು ಪಾನಾ ಹಾಕಿ ಕೈಯಿಂದ ಇಂಜಿನ್ ತಿರುಗಿಸಿದರು. ಎರಡು ರಂಧ್ರಗಳಿಂದ ನೀರು ಚಿಮ್ಮಿ ಅವರ ಅಂಗಿ ತೋಯಿಸಿತು. ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಆಯಿಲ್ ಎರಡು ಬಾರಿ ಬದಲಿಸಿ, ಕಂಪ್ರೆಷನ್ ಅಳೆದರು. ನಾಲ್ಕರ ಅಂಕಿಗಳೂ ಹತ್ತಿರ ಹತ್ತಿರವೇ ಇದ್ದವು, ಅಂದರೆ ಯಾವ ರಾಡೂ ಬಾಗಿದಂತಿರಲಿಲ್ಲ. ಪ್ಲಗ್ ಹಾಕಿ ಸೆಲ್ಫ್ ಕೊಟ್ಟಾಗ ಬಿಳಿ ಹಬೆ ಉಗುಳುತ್ತ ಇಂಜಿನ್ ಚಾಲೂ ಆಯಿತು, ಎರಡು ನಿಮಿಷದಲ್ಲಿ ಹಬೆಯೂ ನಿಂತಿತು.