ಅಂಗನವಾಡಿಯಲ್ಲಿ ತೂಕದ ದಿನ

ತೂಕದ ದಿನ ಅಂಗನವಾಡಿ ಬಾಗಿಲು ತೆಗೆದ ಮೇಲೆ ಮೊದಲ ಕೆಲಸ ತಕ್ಕಡಿಯದ್ದು. ಗಡಿಯಾರದಂಥ ಮುಖವಿರುವ ತೂಗು ತಕ್ಕಡಿಯಾದರೆ ಗಟ್ಟಿ ತೊಲೆಗೋ ಕೊಕ್ಕೆಗೋ ಕಟ್ಟಬೇಕು, ಮುಳ್ಳು ನೋಡುವವರ ಕಣ್ಣಿನ ಮಟ್ಟಕ್ಕೇ ಬರಬೇಕು. ಕೆಳಗಿನಿಂದ ಕತ್ತೆತ್ತಿ ನೋಡಿದರೆ ಒಂದು ಗೆರೆ ಆಚೀಚೆ ಕಾಣುತ್ತದೆ, ಒಂದು ಗೆರೆ ಅಂದರೆ 100 ಗ್ರಾಂ. ಮಗುವನ್ನು ಕೂರಿಸುವ ಬಟ್ಟೆಯ ಚಡ್ಡಿಯನ್ನು ಖಾಲಿಯಾಗಿ ತಗುಲಿಹಾಕಿ, ಆಮೇಲೆ ಮುಳ್ಳನ್ನು ಸೊನ್ನೆಗೆ ತರಬೇಕು. ಮೊದಲೇ ಸೊನ್ನೆ ಮಾಡಿ ಆಮೇಲೆ ಚಡ್ಡಿ ಹಾಕಿದರೆ ಆ ದಿನದ ಅಷ್ಟೂ ಮಕ್ಕಳ ತೂಕ ಸುಳ್ಳು. ನಡುವೆ ಒಂದು ಕೆಜಿ ಸಕ್ಕರೆ ಪಾಕೆಟ್ ಇಟ್ಟು ನೋಡುವುದು ಒಳ್ಳೆಯ ರೂಢಿ. ಡಿಜಿಟಲ್ ತಕ್ಕಡಿಯನ್ನು ಚಾಪೆಯ ಮೇಲೆ ಇಡಬಾರದು, ಸಮತಟ್ಟಾದ ನೆಲದ ಮೇಲೆ ಇಡಬೇಕು. ಬ್ಯಾಟರಿ ಇಳಿದಿದ್ದರೆ ಅಂಕಿ ಕುಣಿಯುತ್ತದೆ.

ಹೊರಗಿನವರಿಗೆ ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಲೆಕ್ಕ ನೋಡಿ: ಚೆನ್ನಾಗಿ ಬೆಳೆಯುತ್ತಿರುವ ಮಗು 9ರಿಂದ 12ನೇ ತಿಂಗಳ ನಡುವೆ ತಿಂಗಳಿಗೆ ಸುಮಾರು 230 ಗ್ರಾಂ ಮಾತ್ರ ಏರುತ್ತದೆ. ಒಂದು ಉಣ್ಣೆ ಸ್ವೆಟರು, ಕಾಲಿನ ಬೆಳ್ಳಿ ಕಡಗ, ಒದ್ದೆಯಾದ ಚಡ್ಡಿ, ಮೂರೂ ಸೇರಿದರೆ ಒಂದು ತಿಂಗಳ ಬೆಳವಣಿಗೆ ಅಲ್ಲೇ ಮುಗಿಯಿತು. ಬೆಳೆಯದ ಮಗು ಬೆಳೆದಂತೆ ಕಾಣುತ್ತದೆ. ಅದಕ್ಕೇ ಬಟ್ಟೆ ಬಿಚ್ಚಿಸುವುದು, ಬಿಚ್ಚಲು ಬರುವ ಒಡವೆ ತೆಗೆಸುವುದು. ಉಡಿದಾರವೋ ಕಡಗವೋ ಬಿಚ್ಚಲು ಬರದಿದ್ದರೆ ಇರಲಿ, ಆದರೆ ಪ್ರತಿ ತಿಂಗಳೂ ಹಾಗೇ ಇರಬೇಕು, ಪುಸ್ತಕದಲ್ಲಿ ಒಂದು ಗುರುತು ಹಾಕಿಡಬೇಕು.

ಹತ್ತು ಗಂಟೆಯ ಹೊತ್ತಿಗೆ ತಾಯಂದಿರು ಬರತೊಡಗುತ್ತಾರೆ. ಜೊತೆಗೆ ಬಂದ ಅತ್ತೆಯೋ ಅಜ್ಜಿಯೋ ಬಾಗಿಲಲ್ಲೇ ನಿಂತು "ತೂಕ ಹಾಕ್ಬೇಡಿ ಟೀಚರ್, ದೃಷ್ಟಿಯಾಗ್ತದೆ" ಅನ್ನುವುದುಂಟು. ಇಲ್ಲಿ ವಾದಕ್ಕಿಳಿದರೆ ಆ ಅಜ್ಜಿ ಮುಂದಿನ ತಿಂಗಳು ಮಗುವನ್ನೇ ಕಳಿಸುವುದಿಲ್ಲ. ಅಂಕಿಯನ್ನು ಹತ್ತು ಜನರ ಮುಂದೆ ಕೂಗಿ ಹೇಳದೆ ತಾಯಿಯೊಬ್ಬಳನ್ನೇ ಪಕ್ಕಕ್ಕೆ ಕರೆದು ಕಾರ್ಡಿನಲ್ಲಿ ತೋರಿಸಿದರೆ ಅರ್ಧ ತಕರಾರು ಮುಗಿಯುತ್ತದೆ. ಅಜ್ಜಿಯ ಕೈಯಿಂದಲೇ ಮಗುವನ್ನು ಚಡ್ಡಿಯಲ್ಲಿ ಕೂರಿಸಿದರೆ ಇನ್ನರ್ಧವೂ ಹೋಗುತ್ತದೆ, ಮಗುವಿನ ಅಳುವೂ ಕಡಿಮೆ. ಮಗು ಕೈಕಾಲು ಬಡಿಯುವಾಗ ಮುಳ್ಳು ನಿಲ್ಲುವುದಿಲ್ಲ. ಅಂದಾಜು ಬರೆಯುವ ಬದಲು ಇಳಿಸಿ, ಸಮಾಧಾನ ಮಾಡಿ, ಮತ್ತೆ ಹಾಕಬೇಕು.

ವಯಸ್ಸಿನ ವಿಷಯದಲ್ಲಿ ಆಗುವ ತಪ್ಪು ತೂಕದ ತಪ್ಪಿಗಿಂತ ದೊಡ್ಡದು. "ಯುಗಾದಿ ಕಳೆದು ಹುಟ್ಟಿದ್ದು" ಅಂದಿದ್ದನ್ನೇ ನಂಬಿ ಬೆಳವಣಿಗೆ ನಕ್ಷೆಯಲ್ಲಿ ತೂಕದ ಚುಕ್ಕಿ ಇಟ್ಟರೆ ಒಂದು ತಿಂಗಳು ಆಚೀಚೆಯಾಗುತ್ತದೆ. ತಾಯಿ ಕಾರ್ಡಿನಲ್ಲೋ ಜನನ ಪ್ರಮಾಣಪತ್ರದಲ್ಲೋ ಇರುವ ತಾರೀಕು ನೋಡಿ, ತುಂಬಿದ ತಿಂಗಳನ್ನಷ್ಟೇ ಎಣಿಸಬೇಕು.

ಈಗ ಚುಕ್ಕಿ. ಗಂಡುಮಗುವಿನ ನಕ್ಷೆ ಬೇರೆ, ಹೆಣ್ಣುಮಗುವಿನದು ಬೇರೆ. ಹಸಿರು ಪಟ್ಟಿ ಅಂದರೆ ವಯಸ್ಸಿಗೆ ತಕ್ಕ ತೂಕ, ಹಳದಿ ಅಂದರೆ ಕಡಿಮೆ, ಅದರ ಕೆಳಗಿನದು ತೀರಾ ಕಡಿಮೆ. ಬಹಳ ಕಡೆ ಬಣ್ಣ ನೋಡಿ ಪುಸ್ತಕ ಮುಚ್ಚುತ್ತಾರೆ. ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ನಷ್ಟ ಅದೇ ಎಂದು ನಮ್ಮ ಖಚಿತ ಅಭಿಪ್ರಾಯ. ನೋಡಬೇಕಾದ್ದು ಗೆರೆ. ಒಂದು ಹೆಣ್ಣುಮಗು 8ನೇ ತಿಂಗಳಲ್ಲಿ 7.2 ಕೆಜಿ ಇತ್ತು ಅನ್ನಿ. 9ರಲ್ಲಿ 7.2, 10ರಲ್ಲಿ 7.2, 11ರಲ್ಲೂ ಅಷ್ಟೇ. ಚುಕ್ಕಿ ಇನ್ನೂ ಹಸಿರಿನಲ್ಲೇ ಇದೆ, ಏಕೆಂದರೆ 11 ತಿಂಗಳ ಹೆಣ್ಣುಮಗುವಿಗೆ ಹಳದಿ ಶುರುವಾಗುವುದು 6.9 ಕೆಜಿಗಿಂತ ಕೆಳಗೆ. ಆದರೆ ನಾಲ್ಕು ಚುಕ್ಕಿ ಸೇರಿಸಿದರೆ ಗೆರೆ ಮಲಗಿಬಿಟ್ಟಿದೆ. ಹೀಗೇ ಬಿಟ್ಟರೆ 14ನೇ ತಿಂಗಳಿಗೆ ಅದೇ 7.2 ಹಳದಿಗೆ ಬೀಳುತ್ತದೆ. ಕೈಯಲ್ಲಿದ್ದ ಆರು ತಿಂಗಳು ಹೋಯಿತು. ಅಕ್ಷರ ಬಾರದ ತಾಯಿಗೂ ಏರುವ ಗೆರೆ, ಮಲಗಿದ ಗೆರೆ, ಇಳಿದ ಗೆರೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಬೆರಳಿನಿಂದ ಅವಳೇ ಸವರಿ ನೋಡಲಿ.

ಗೆರೆ ಮಲಗಿದ್ದರೆ ಕೇಳಬೇಕಾದ ಪ್ರಶ್ನೆ ಕೆಲವೇ: ಈ ತಿಂಗಳು ಜ್ವರ, ಭೇದಿ ಬಂದಿತ್ತಾ? ಎದೆಹಾಲು ನಡೀತಿದೆಯಾ? ದಿನಕ್ಕೆ ಎಷ್ಟು ಸಲ ತಿನ್ನಿಸ್ತೀರಿ, ಏನು, ಯಾರು? "ರಾಗಿ ಸರಿ ಕೊಡ್ತೀವಿ ಟೀಚರ್" ಅನ್ನುವ ಉತ್ತರವೇ ಹೆಚ್ಚು. ಸರಿ ಎಷ್ಟು ಗಟ್ಟಿ ಎಂದು ಮಾತಿನಲ್ಲಿ ತಿಳಿಯದು, ಮಾಡಿಸಿಯೇ ನೋಡಬೇಕು. ಚಮಚದಲ್ಲಿ ತೆಗೆದು ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ಅಂಟಿ ನಿಂತು ನಿಧಾನಕ್ಕೆ ಜಾರಬೇಕು. ಮಗು ಸಲೀಸಾಗಿ ನುಂಗಲಿ ಎಂದು ನೀರು ಮಾಡುತ್ತಾರೆ. ಅಂಗೈಯಷ್ಟು ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಹಿಟ್ಟಿಗೆ ಒಂದು ಗುಣವಿದೆ: ಅದು ಬೇಗ ಗಂಟು ಬಿಗಿಯುವುದಿಲ್ಲ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೇಲೆ ಒಂದು ಚಮಚ ತುಪ್ಪವೋ ಎಣ್ಣೆಯೋ. ಆರು ತಿಂಗಳು ತುಂಬಿದಾಗ ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ, ಒಂಬತ್ತರ ಹೊತ್ತಿಗೆ 250 ಮಿಲಿ ಬಟ್ಟಲಿನ ಅರ್ಧ, ದಿನಕ್ಕೆ ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲಿನಿಂದ ಪೂರಾ ಬಟ್ಟಲು. ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರ ಮೂರು ವರ್ಷದೊಳಗಿನ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಸಿಗಲಿ ಎಂಬ ಲೆಕ್ಕದ್ದು. ಮನೆಯವರೆಲ್ಲ ಹಂಚಿಕೊಂಡರೆ ಮಗುವಿನ ಪಾಲಿಗೆ ಎರಡು ತುತ್ತು ಉಳಿಯುತ್ತದೆ. ಇದಕ್ಕೆ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಮಗುವಿನ ಪಾಲನ್ನು ಬೇರೆ ಡಬ್ಬಿಯಲ್ಲಿ ಇಡಿಸುವುದು ಕೈಗೂಡುವ ದಾರಿ.

ಯಾರು ತಿನ್ನಿಸುತ್ತಾರೆ ಎಂಬ ಪ್ರಶ್ನೆಯ ಹಿಂದೆ ಕೂಲಿಯಿದೆ. ತಾಯಿ ಬೆಳಿಗ್ಗೆ ಹೋದರೆ ಸಂಜೆ ಬರುತ್ತಾಳೆ, ಮಗು ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಈ ಕಷ್ಟಕ್ಕೆಂದೇ ಬಂದದ್ದು. ನಿಮ್ಮ ಪಂಚಾಯಿತಿಯಲ್ಲಿ ಉಂಟೇ ಎಂದು ಕೇಳಿ ನೋಡಿ.

ತೋಳಿನ ಸುತ್ತಳತೆ ನೋಡುವ ಪಟ್ಟಿಗೆ ಎರಡು ನಿಮಿಷ ಸಾಕು. ಎಡಗೈ, ಭುಜ ಮತ್ತು ಮೊಣಕೈಯ ನಟ್ಟನಡುವೆ, ತೋಳು ಇಳಿಬಿಟ್ಟು, ಪಟ್ಟಿ ಚರ್ಮಕ್ಕೆ ತಾಗಬೇಕು, ಒತ್ತಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಮೀಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 12.5ಕ್ಕಿಂತ ಕಡಿಮೆಯಾದರೆ ಮಧ್ಯಮ. ಆಮೇಲೆ ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಎರಡರಲ್ಲೂ ಕುಳಿ ಹಾಗೇ ನಿಂತರೆ ಅದು ಬಾವು. ಬಾವಿನ ನೀರು ತೂಕ ಏರಿಸುತ್ತದೆ, ನಕ್ಷೆಯಲ್ಲಿ ಮಗು ಹಸಿರಾಗಿಯೇ ಕಾಣಬಹುದು. ತೂಕ ಎಷ್ಟಿದ್ದರೂ ಅಂಥ ಮಗುವನ್ನು ಅಂದೇ ಆಸ್ಪತ್ರೆಗೆ ಕಳಿಸಬೇಕು. ತೀವ್ರ ಅಪೌಷ್ಟಿಕ ಮಕ್ಕಳಿಗೆ ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ತಾಯಿ ಮಗು ಇಬ್ಬರೂ ಇರಬೇಕಾಗುತ್ತದೆ. ತಾಯಿ ಒಲ್ಲೆ ಅನ್ನುವುದು ಮಗುವಿನ ಮೇಲಿನ ಅಸಡ್ಡೆಯಿಂದಲ್ಲ. ಮನೆಯಲ್ಲಿ ಇನ್ನೊಂದು ಮಗು, ಕರೆಯುವ ಹಸು, ತಪ್ಪುವ ಕೂಲಿ. ಕೂಲಿ ನಷ್ಟಕ್ಕೆ ಭತ್ಯೆ ಕೊಡುವ ವ್ಯವಸ್ಥೆ ಇದೆಯೆಂದು ಮೊದಲೇ ಹೇಳಿ, ಉಳಿದ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅತ್ತೆ, ಗಂಡ, ಆಶಾ ಕಾರ್ಯಕರ್ತೆ ಒಟ್ಟಿಗೆ ಕೂತು ತೀರ್ಮಾನಿಸಿದ ಮೇಲೆಯೇ ಅವಳು ಹೊರಡುವುದು.

ಸಿಸ್ಟರ್ ಲಸಿಕೆಗೆ ಬರುವ ದಿನವೇ ತೂಕ ಇಟ್ಟುಕೊಂಡರೆ ತಾಯಂದಿರಿಗೆ ಒಂದೇ ದಿನದ ಕೂಲಿ ಹೋಗುತ್ತದೆ. ಒಂದು ಡೋಸ್ ತಪ್ಪಿದ್ದಕ್ಕೆ ನಾಚಿ ಕಾರ್ಡ್ ಬಚ್ಚಿಡುವವರಿದ್ದಾರೆ. ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ. ಆ ಅರ್ಧ ಗಂಟೆಯೇ ಗೆರೆ ತೋರಿಸಿ ಮಾತಾಡಲು ಸಿಗುವ ಹೊತ್ತು.

ಮಧ್ಯಾಹ್ನ ಊಟ ಮುಗಿದು ಮಕ್ಕಳು ಮಲಗಿದ ಮೇಲೆ ಪುಸ್ತಕದಲ್ಲಿ ಚುಕ್ಕಿ ಬೀಳದ ಹೆಸರುಗಳನ್ನು ಪಟ್ಟಿ ಮಾಡಬೇಕು. ತೂಕಕ್ಕೆ ಬಾರದ ಮಕ್ಕಳಲ್ಲೇ ಕಳೆದ ತಿಂಗಳ ಸಣಕಲು ಮಕ್ಕಳು ಇರುತ್ತಾರೆ, ಊರ ಹೊರಗಿನ ಗುಡಿಸಲಿನವು, ಕಬ್ಬು ಕಡಿಯಲು ಬಂದವರ ಮಕ್ಕಳು. ಹನ್ನೊಂದು ಗಂಟೆಗೆ ಹೋದರೆ ಬಾಗಿಲಿಗೆ ಬೀಗ. ಮರುದಿನ ಬೆಳಿಗ್ಗೆ ಏಳಕ್ಕೆ ಮುಂಚೆ, ತಾಯಿ ಬುತ್ತಿ ಕಟ್ಟುವ ಹೊತ್ತಿಗೆ, ತಕ್ಕಡಿಯನ್ನೂ ತೋಳಿನ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಆ ಬಾಗಿಲಿಗೆ ಹೋಗಬೇಕು.