ಬೆಲ್ಲನಿಗೆ ಎಂತ ತೋರಿಸೋದು?

ಮೊನ್ನೆ ಭಾನುವಾರ ಹೊಸನಗರದ ಆಚೆಗಿನ ನಗರ ಎಂಬ ಊರಿನ ಕೋಟೆಯಲ್ಲಿ ಒಬ್ಬ ಅಮ್ಮ ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ. ರೊಟ್ಟಿ ತಟ್ಟುವಾಗಲೂ ಅದೇ, ಬಸ್ಸಿಗೆ ಕಾಯುವಾಗಲೂ ಅದೇ. "ಇದಕ್ಕೆ ಎಂತ ತೋರ್ಸಕ್ಕೆ ಕರ್ಕಂಡ್ ಬಂದ್ರಿ ಮಾರಾಯ್ರೆ?"

ಇದು ಅಂದರೆ ಬೆಲ್ಲ, ನಮ್ಮ ನಾಯಿ. ನಮ್ಮ ಬೀದಿಯಲ್ಲೇ ಹುಟ್ಟಿದವನು. ಜಾತಿಗೀತಿ ಏನೂ ಇಲ್ಲ, ಮೈಬಣ್ಣ ಮಾತ್ರ ಥೇಟ್ ಜೋನಿಬೆಲ್ಲದ್ದು. ಅವನನ್ನು ಕರೆದುಕೊಂಡು ಹೋಗಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನೋಡಿಕೊಳ್ಳುವ ಪಕ್ಕದ ಮನೆಯವರು ಊರಲ್ಲಿರಲಿಲ್ಲ, ಅಷ್ಟೇ. "ನಾಯಿ ಕಟ್ಕೊಂಡು ಯಾರಾದ್ರೂ ಟೂರ್ ಹೋಗ್ತಾರಾ?" ಎಂದು ನಮ್ಮಮ್ಮ ಬಾಗಿಲಲ್ಲಿ ನಿಂತು ಗೊಣಗಿದರು. ಆಮೇಲೆ ಅವರೇ ಒಳಗೆ ಹೋಗಿ ಅವನಿಗೆ ಮೊಸರನ್ನ ಕಟ್ಟಿಕೊಟ್ಟರು.

ಶಿವಮೊಗ್ಗ ಬಿಟ್ಟು ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟುವವರೆಗೂ ಮಳೆ. ಬೆಲ್ಲ ದಾರಿಯಲ್ಲಿ ಒಂದು ಸಲ ವಾಂತಿ ಮಾಡಿದ, ಅದೂ ತಮ್ಮನ ಬ್ಯಾಗಿನ ಮೇಲೆ. ಅದು ಬಿಟ್ಟರೆ ತುಂಬಾ ಸಂಭಾವಿತ.

ತಮ್ಮನ ಬಗ್ಗೆ ಹೇಳಲೇಬೇಕು. ಅವನು ಕೋಟೆ ನೋಡುವುದೇ ಮೊಬೈಲಿನ ಒಳಗಿಂದ. ಹೆಬ್ಬಾಗಿಲು ದಾಟುತ್ತಿದ್ದಂತೆ ವಿಡಿಯೋ ಶುರು ಮಾಡಿದ. ಕೆಳದಿಯವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಈ ಬಿದನೂರು. ಶಿವಪ್ಪ ನಾಯಕನ ಕಾಲದಲ್ಲಿ ಮೆರೆದ ಊರು. 1763ರಲ್ಲಿ ಹೈದರಾಲಿ ಹಿಡಿದ, ಲೂಟಿ ಮಾಡಿದ, ಹೈದರನಗರ ಎಂದು ಹೆಸರಿಟ್ಟ. ಈಗ ಬರೀ ನಗರ. ಒಳಗಿನವನೇ ಒಬ್ಬ ಹೈದರನಿಗೆ ಗುಟ್ಟಿನ ದಾರಿ ತೋರಿಸಿಕೊಟ್ಟ ಕಥೆ ಬಂತೆಂದರೆ ಅವನ ದನಿಯೇ ಬದಲಾಗುತ್ತೆ. ರಾಣಿ ವೀರಮ್ಮಾಜಿಯ ಪಾಲಿಗೆ ಉಳಿಯುವುದು ಒಂದೇ ವಾಕ್ಯ. ನನಗೆ ಅದೇ ಸಿಟ್ಟು. ಊರು ಕಳಕೊಂಡು ಓಡಿದವಳಿಗಿಂತ ದಾರಿ ತೋರಿಸಿದವನಿಗೇ ಜಾಸ್ತಿ ಹೊತ್ತು ಕೊಡುತ್ತಾರಲ್ಲ ಈ ವಿಡಿಯೋದವರು!

ಬೆಲ್ಲನಿಗೆ ಇದ್ಯಾವುದೂ ಬೇಕಿರಲಿಲ್ಲ. ದರ್ಬಾರು ನಡೆಯುತ್ತಿದ್ದ ಜಾಗವನ್ನು ಒಂದು ಸುತ್ತು ಮೂಸಿ ಬಿಟ್ಟ. ಅಕ್ಕ-ತಂಗಿ ಕೊಳದ ಕಡೆ ತಿರುಗಿಯೂ ನೋಡಲಿಲ್ಲ. ಯಾರೂ ನಿಲ್ಲದ ಒಂದು ಮೂಲೆಯಲ್ಲಿ ಮಾತ್ರ ಗೂಟ ಹೊಡೆದ ಹಾಗೆ ನಿಂತುಬಿಟ್ಟ. ಪಾಚಿ ಹಿಡಿದ ಜಂಬಿಟ್ಟಿಗೆ ಗೋಡೆ. ಕಲ್ಲಿನ ತೂತುಗಳಲ್ಲೆಲ್ಲ ಸಣ್ಣ ಜರೀಗಿಡ, ಬುಡದಲ್ಲಿ ಕೆದರಿದ ಹಸಿ ಮಣ್ಣು. ಒಂದೊಂದು ತೂತಿಗೂ ಮೂಗಿಟ್ಟು, ಜೋರಾಗಿ ಉಸಿರು ಬಿಟ್ಟು, ಮತ್ತೆ ಮೊದಲನೆಯದಕ್ಕೆ ವಾಪಸ್. ಹಗ್ಗ ಎಳೆದರೂ ಬರಲಿಲ್ಲ. ರಾತ್ರಿ ಮುಳ್ಳುಹಂದಿ ಓಡಾಡಿತ್ತೋ, ಮುಂಗುಸಿ ಬಂದಿತ್ತೋ, ಅವನಿಗೇ ಗೊತ್ತು.

ಆ ಅಮ್ಮ ಬಂದಿದ್ದು ಆಗಲೇ. ತಲೆ ಮೇಲೆ ಕೊಟ್ಟಿಗೆಗೆ ಹಾಸುವ ಸೊಪ್ಪಿನ ಹೊರೆ, ಹೆಗಲ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಹೊರೆ ಇಳಿಸಿ, ಬೆಲ್ಲನ ಮುಂಗಾಲು ನೋಡಿ, "ಉಂಬಳ ಹತ್ತಿದೆ" ಎಂದರು. ನನಗೆ ಕಂಡೇ ಇರಲಿಲ್ಲ. ಬೆರಳ ಸಂದಿಯಲ್ಲಿ ರಕ್ತ ಕುಡಿದು ಕುಡಿದು ದುಂಡಗಾಗಿತ್ತು ಆ ಜಿಗಣೆ. ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದರು. ಬೆರಳ ತುದಿಗೆ ಚೂರೇ ಚೂರು ಸುಣ್ಣ ತಗೊಂಡು ಉಂಬಳಕ್ಕೆ ಮುಟ್ಟಿಸಿದರು. ಅದು ಮುದುಡಿ ಬಿತ್ತು. ಅಪರಿಚಿತರು ಕಾಲು ಹಿಡಿದರೆ ಗುರ್ ಎನ್ನುವ ನಮ್ಮ ಹುಡುಗ ಸುಮ್ನೆ ನಿಂತಿದ್ದ. ರಕ್ತವನ್ನು ಒಂದು ಸೊಪ್ಪಿನಿಂದ ಒರೆಸಿ, ಅವನ ಕಿವಿ ಹಿಡಿದುಕೊಂಡೇ ಅವರು ಕೇಳಿದ್ದು, "ಇದಕ್ಕೆ ಎಂತ ತೋರ್ಸಕ್ಕೆ ಕರ್ಕಂಡ್ ಬಂದ್ರಿ ಮಾರಾಯ್ರೆ?"

ತಮ್ಮ ಬಿದ್ದು ಬಿದ್ದು ನಕ್ಕ. ನಾನು "ಹೀಗೇ, ಕೋಟೆ..." ಎಂದು ಏನೋ ತೊದಲಿದೆ.

ಅವರದು ಕುಹಕ ಅಲ್ಲವೇ ಅಲ್ಲ. ಪೇಟೆಯಲ್ಲಿ ಇದೇ ಪ್ರಶ್ನೆಯನ್ನು ಮೂತಿ ತಿರುಗಿಸಿ ಕೇಳುವವರು ಬೇಕಾದಷ್ಟಿದ್ದಾರೆ. ಇವರು ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳಿದ್ದು. ಹೊರೆ ಮತ್ತೆ ಎತ್ತಿಕೊಳ್ಳುವಾಗ ಹೇಳಿದರು, "ನಮ್ಮನೇದನ್ನ ಹೋದ ಮಳೆಗಾಲ ಚಿರತೆ ಹೊತ್ಕಂಡ್ ಹೋಯ್ತು. ರಾತ್ರಿ ಒಳಗೆ ಕಟ್ತಿದ್ವಿ, ಅವತ್ತೊಂದಿನ ಮರ್ತೋಯ್ತು." ಅಷ್ಟೇ. ಹೆಸರು ಏನಿತ್ತು ಎಂದು ಕೇಳುವಷ್ಟರಲ್ಲಿ ಹೊರಟುಬಿಟ್ಟಿದ್ದರು.

ಆತಕೂರಿನ ಶಾಸನದ ಕಲ್ಲು ನೆನಪಾಯಿತು. ಮಂಡ್ಯ ಜಿಲ್ಲೆಯದು, 949ರ ಹೊತ್ತಿನದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಎಂದರೆ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಪಾಪ ಎಂದೂ ಬರೆಸಿದರು. ಕಾಳಿಯ ಹೆಸರು ಸಾವಿರ ವರ್ಷ ದಾಟಿ ನನ್ನವರೆಗೂ ಬಂದಿದೆ. ಹೋದ ಮಳೆಗಾಲ ಸತ್ತದ್ದರ ಹೆಸರು ನನಗೆ ಸಿಗಲಿಲ್ಲ.

ಆ ಪ್ರಶ್ನೆಗೆ ಮನಸ್ಸಿನಲ್ಲೇ ಎಷ್ಟೋ ಉತ್ತರ ಕೊಟ್ಟು ನೋಡಿದೆ. ಬಿಡಲು ಮನೆಯಿರಲಿಲ್ಲ ಎಂದೆ. ನಿಜ, ಆದರೆ ಉತ್ತರ ಅಲ್ಲ. ಅವನಿಗೂ ಬದಲಾವಣೆ ಬೇಕಲ್ವಾ ಎಂದೆ. ಇದು ಪಕ್ಕಾ ಪೇಟೆಯವರ ಮಾತು, ಅವರೆದುರು ಹೇಳಿದ್ದರೆ ನಾಚಿಕೆಯಾಗುತ್ತಿತ್ತು. ನಿನ್ನೆ ಹೊಳೆದದ್ದು ಬೇರೆ. ನಮ್ಮ ಪಾಲಿಗೆ ಆ ಕೋಟೆ 1763ಕ್ಕೇ ಖಾಲಿಯಾಗಿದೆ. ಹೋಗುತ್ತೇವೆ, ಪಾಪ ಎಷ್ಟು ದೊಡ್ಡದಿತ್ತು ಎನ್ನುತ್ತೇವೆ, ಬರುತ್ತೇವೆ. ಬೆಲ್ಲನಿಗೆ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ವಾಸನೆ, ನಿನ್ನೆ ರಾತ್ರಿಯವರದ್ದು, ಇವತ್ತು ಬೆಳಗಿನವರದ್ದು. ಆ ಅಮ್ಮನಿಗೂ ಅದು ದಿನಾ ಸೊಪ್ಪು ಹೊರುವ ದಾರಿ. ಏನೂ ಕಾಣದೆ ಬಂದವರು ನಾವಿಬ್ಬರೇ ಇರಬೇಕು. ತಮ್ಮನ ಎದುರು ಇದನ್ನು ಹೇಳಿದರೆ, ಬೆಲ್ಲನಿಗೆ ಮೈಕ್ ಕೊಡು, ಅವನೇ ವಿಡಿಯೋ ಮಾಡಲಿ ಎನ್ನುತ್ತಾನೆ.

ಮುಂದಿನ ತಿಂಗಳು ಇಕ್ಕೇರಿ ಎಂದು ಹೊರಟಿದ್ದಾನೆ. ಅಘೋರೇಶ್ವರನ ಗುಡಿಯೊಳಗೆ ನಾಯಿ ಬಿಡುತ್ತಾರಾ, ಮನೆಯಲ್ಲೇ ಬಿಟ್ಟು ಬಾ ಎಂದು ಈಗಲೇ ತಕರಾರು. ನೀನು ಒಳಗೆ ಹೋಗು ಮಾರಾಯ, ನಾವಿಬ್ಬರೂ ಹೊರಗೆ ಕೂರುತ್ತೇವೆ ಎಂದೆ. ಸುಣ್ಣದ ಡಬ್ಬಿ ಒಂದು ತಗೋಬೇಕು, ಅಷ್ಟೇ.