ಕಣ್ಣಿಗೆ ಸುಣ್ಣ ಬಿದ್ದ ಮೇಲೆ: ಕೃತಕ ಕಾರ್ನಿಯಾದ ಮಾತು ಯಾವಾಗ?

ಮುಂಗಾರಿನ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಕಣ್ಣಿನ ಮಟ್ಟಿಗೆ ದೊಡ್ಡ ಶತ್ರು ಈ ಸುಣ್ಣ. ಆಸಿಡ್ ಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿ ಒಂದಿಷ್ಟು ತಡೆ ಆಗುತ್ತದೆ. ಸುಣ್ಣದಂಥ ಕ್ಷಾರ ಹಾಗಲ್ಲ, ಜೀವಕೋಶದ ಪೊರೆಯನ್ನೇ ಕರಗಿಸುತ್ತಾ ಒಳಗಿಳಿಯುತ್ತದೆ.

ಬಿದ್ದ ಕ್ಷಣವೇ, ಅಲ್ಲೇ, ಶುದ್ಧ ನೀರಿನಿಂದ ಕನಿಷ್ಠ 30 ನಿಮಿಷ ತೊಳೆಯಿರಿ. ಆಸ್ಪತ್ರೆಗೆ ಹೊರಡುವುದು ಆಮೇಲೆ. ಮೇಲಿನ ರೆಪ್ಪೆಯನ್ನು ಮಗುಚಿ ನೋಡಲೇಬೇಕು, ಅದರಡಿ ಸಿಕ್ಕಿಕೊಂಡ ಸುಣ್ಣದ ಹರಳು ಗಂಟೆಗಟ್ಟಲೆ ಸುಡುತ್ತಿರುತ್ತದೆ.

ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ. ಅದರ ಅಂಚಿನಲ್ಲಿರುವ, ಹೊಸ ಕೋಶ ಹುಟ್ಟಿಸುವ ಕಾಂಡಕೋಶಗಳು ಸತ್ತರೆ ಕಾರ್ನಿಯಾದ ಮೇಲೆ ರಕ್ತನಾಳ ಹಬ್ಬಿ ಬಿಳಿ ಪೊರೆ ಕಟ್ಟುತ್ತದೆ. ಆ ಕೋಶಗಳಿಲ್ಲದ ಕಣ್ಣಿಗೆ ದಾನದ ಕಾರ್ನಿಯಾ ಹೊಲಿದರೂ ನಿಲ್ಲುವುದಿಲ್ಲ. ಹಾಳಾದದ್ದು ಒಂದೇ ಕಣ್ಣಾದರೆ, ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಸುಮಾರು 2 ಮಿ.ಮೀ. ಚೂರು ತೆಗೆದು, ತುಂಡರಿಸಿ, ಹಾಳಾದ ಕಣ್ಣಿನ ಮೇಲೆ ಹೊದಿಸಿದ ಗರ್ಭಪೊರೆಯ (ಗರ್ಭದಲ್ಲಿ ಮಗುವನ್ನು ಸುತ್ತಿರುವ ತೆಳು ಪೊರೆ) ಮೇಲೆ ಅಂಟಿಸಿ ಬೆಳೆಸುವ ವಿಧಾನವಿದೆ. ಇದನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಮೊದಲು ಕೇಳಬೇಕಾದದ್ದು ಇದನ್ನೇ.

ಎರಡೂ ಕಣ್ಣು ಹೋದಾಗ, ಕಸಿ ಮತ್ತೆ ಮತ್ತೆ ಸೋತಾಗ ಕೃತಕ ಕಾರ್ನಿಯಾ. ಹೆಚ್ಚು ಬಳಕೆಯ ಬೋಸ್ಟನ್ ಮಾದರಿ ಅಂಗಿಗುಂಡಿಯ ಹಾಗೆ: ಮುಂದೆ ಕಾಂಡವಿರುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ, ಹಿಂದೆ ರಂಧ್ರಗಳಿರುವ ತಟ್ಟೆ, ನಡುವೆ ದಾನದ ಕಾರ್ನಿಯಾ. ಅದರ ನಡುವೆ 3 ಮಿ.ಮೀ. ತೂತು ಮಾಡಿ ಕಾಂಡ ತೂರಿಸಿ, ಟೈಟಾನಿಯಂ ಉಂಗುರದಿಂದ ಬಿಗಿಯುತ್ತಾರೆ. ಹೊಲಿಯುವುದು ದಾನದ ಕಾರ್ನಿಯಾವನ್ನೇ, ಹಾಗಾಗಿ ನೇತ್ರದಾನ ಇಲ್ಲಿಯೂ ಬೇಕು. ಇದೇ ವಿನ್ಯಾಸದ ಅಗ್ಗದ ‘ಆರೋ ಕೆಪ್ರೋ’ ಮಧುರೈನ ಆರೋಲ್ಯಾಬ್‌ನದು. ಕಣ್ಣೀರು ಪೂರ್ತಿ ಬತ್ತಿದವರಿಗೆ ಇದು ಆಗಿಬರುವುದಿಲ್ಲ. ಅವರಿಗೆ ಕೋರೆಹಲ್ಲು ಮತ್ತು ಅದರ ಮೂಳೆಯ ಚಕ್ಕೆಯಲ್ಲಿ ಮಸೂರ ಕೂರಿಸಿ, ಕೆಲವು ತಿಂಗಳು ಕೆನ್ನೆಯ ಚರ್ಮದಡಿ ಇಟ್ಟು, ಆಮೇಲೆ ಕಣ್ಣಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ.

ಇವುಗಳಲ್ಲಿ ಯಾವುದನ್ನು ಮಾಡಬೇಕಾದರೂ ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಣ್ಣಿಗೆ ಗೊತ್ತಾಗಬೇಕು. ಅಕ್ಷಿಪಟಲ, ದೃಷ್ಟಿನರ ಸತ್ತಿದ್ದರೆ ಮುಂದೆ ಎಷ್ಟೇ ಒಳ್ಳೆಯ ಗಾಜು ಕೂರಿಸಿದರೂ ಕತ್ತಲೆಯೇ.

ಆಪರೇಷನ್ ಆದ ಮೇಲಿನ ಆರೈಕೆ ಜೀವನಪೂರ್ತಿ. ಆ್ಯಂಟಿಬಯೋಟಿಕ್ ಹನಿ ದಿನವೂ, ರಕ್ಷಣೆಗೆ ಮೃದು ಕಾಂಟ್ಯಾಕ್ಟ್ ಲೆನ್ಸ್ ಸದಾ. ತಟ್ಟೆಯ ಹಿಂದೆ ಪೊರೆ ಬೆಳೆದರೆ ಲೇಸರ್‌ನಿಂದ ಬಿಡಿಸಬಹುದು. ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ) ಮಾತ್ರ ಸದ್ದಿಲ್ಲದೆ ನರ ತಿನ್ನುತ್ತದೆ. ಮಾಮೂಲಿ ಯಂತ್ರದಲ್ಲಿ ಒತ್ತಡ ಅಳೆಯಲಾಗದು, ಅನುಭವಿ ವೈದ್ಯರು ಬೆರಳಿನಿಂದ ಒತ್ತಿ ಅಂದಾಜಿಸುತ್ತಾರೆ. ಅದಕ್ಕೇ ಘಟ್ಟದ ಊರಿನವರು ಮಳೆಗಾಲದಲ್ಲೂ ತಪಾಸಣೆ ತಪ್ಪಿಸದೆ ಹೋಗಿಬರುವ ವ್ಯವಸ್ಥೆಯನ್ನು ಮುಂಚೆಯೇ ಮಾಡಿಕೊಳ್ಳಬೇಕು. ಹನಿ ಹಾಕುವ ಮುನ್ನ ಕೈ ತೊಳೆಯಿರಿ, ಹಳ್ಳ-ಕೆರೆಯ ನೀರು ಕಣ್ಣಿಗೆ ತಾಗಿಸಬೇಡಿ, ಗದ್ದೆಗೆ ಕನ್ನಡಕವಿಲ್ಲದೆ ಇಳಿಯಬೇಡಿ. ಲೆನ್ಸ್ ಬಿದ್ದುಹೋದರೆ, ಕಣ್ಣು ಕೆಂಪಾದರೆ, ನೋವು ಬಂದರೆ, ನೋಟ ಮಂಜಾದರೆ ಅದೇ ದಿನ ವೈದ್ಯರಿಗೆ ತೋರಿಸಿ.